ಟೇಕ್ವಾಂಡೊ: ಹೊಸದಾಗಿ ಅಭ್ಯಾಸ ಆರಂಭಿಸುವವರಿಗೆ ಮಾಹಿತಿ

ಪೀಠಿಕೆ

ಟೇಕ್ವಾಂಡೊ ಕೊರಿಯಾ ದೇಶದ ಸಮರ ಕಲೆ. ಆಯುಧಗಳಿಲ್ಲದೆ ಕೈ ಕಾಲುಗಳಿಂದಲೇ ರಕ್ಷಣೆ ಹಾಗೂ ಪ್ರತಿದಾಳಿ ನಡೆಸುವ ಈ ಕಲೆಯಲ್ಲಿ ಕಾಲಿನ ಪ್ರಯೋಗಕ್ಕೆ ಪ್ರಧಾನ ಸ್ಥಾನವಿದೆ. 2000ನೇ ಇಸವಿಯ ಸಿಡ್ನಿ ಕ್ರೀಡಾಕೂಟದಿಂದ ಇದು ಒಲಿಂಪಿಕ್ ಪದಕ ಸ್ಪರ್ಧೆಯಾಗಿದೆ. ನಮ್ಮ ರಾಜ್ಯದ ನಗರ ಹಾಗೂ ಪಟ್ಟಣಗಳಲ್ಲಿಯೂ ಮಕ್ಕಳು, ಯುವಜನರು ಮತ್ತು ಮಹಿಳೆಯರು ಇದರ ತರಬೇತಿ ಪಡೆಯುತ್ತಿದ್ದಾರೆ.

ತರಬೇತಿಗೆ ಸೇರುವ ಮುನ್ನ ಈ ಕಲೆಯ ಸ್ವರೂಪ, ಅದರ ಎರಡು ಪ್ರಮುಖ ಪದ್ಧತಿಗಳು, ಬೆಲ್ಟ್ ಹಾಗೂ ಪ್ರಮಾಣಪತ್ರಗಳ ವ್ಯವಸ್ಥೆ ಮತ್ತು ಸುರಕ್ಷತಾ ಕ್ರಮಗಳನ್ನು ತಿಳಿದುಕೊಳ್ಳುವುದು ಅವಶ್ಯಕ. ಈ ತಿಳುವಳಿಕೆ ಇಲ್ಲದಿದ್ದಲ್ಲಿ ವರ್ಷಗಟ್ಟಲೆ ಶುಲ್ಕ ತೆತ್ತು ಪಡೆದ ಪ್ರಮಾಣಪತ್ರವು ಬೇಕಾದ ಸಂದರ್ಭದಲ್ಲಿ ಉಪಯೋಗಕ್ಕೆ ಬಾರದಿರುವ ಸಾಧ್ಯತೆಯಿದೆ. ಕ್ರಮ ತಪ್ಪಿದ ಅಭ್ಯಾಸದಿಂದ ಬೆಳೆಯುವ ಮಕ್ಕಳ ಮಂಡಿ, ಸೊಂಟ ಮತ್ತು ತಲೆಗೆ ಪೆಟ್ಟಾಗುವ ಸಂಭವವೂ ಇದೆ. ಆದ್ದರಿಂದ ಅಭ್ಯಾಸಾರ್ಥಿಗಳು ಹಾಗೂ ಪೋಷಕರ ಅನುಕೂಲಕ್ಕಾಗಿ ಪ್ರಾಥಮಿಕ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಹೆಸರಿನ ಅರ್ಥ

ಕೊರಿಯನ್ ಭಾಷೆಯಲ್ಲಿ ‘ಟೇ’ ಎಂದರೆ ಕಾಲಿನಿಂದ ಒದೆಯುವುದು ಅಥವಾ ತುಳಿಯುವುದು, ‘ಕ್ವಾನ್’ ಎಂದರೆ ಮುಷ್ಟಿ, ‘ದೊ’ ಎಂದರೆ ಮಾರ್ಗ. ಮೂರೂ ಸೇರಿ ‘ಕಾಲು ಮತ್ತು ಮುಷ್ಟಿಯ ಮಾರ್ಗ’ ಎಂಬ ಅರ್ಥ ಬರುತ್ತದೆ. ಮೊದಲೆರಡು ಪದಗಳು ಕಲಿಯುವ ಕೌಶಲವನ್ನು ಸೂಚಿಸಿದರೆ, ಮೂರನೆಯ ಪದವು ಆ ಕೌಶಲವನ್ನು ಹಿಡಿತದಲ್ಲಿಟ್ಟುಕೊಂಡು ಬಾಳುವ ರೀತಿಯನ್ನು ಸೂಚಿಸುತ್ತದೆ. ಹೊಡೆಯುವ ಶಕ್ತಿಯಷ್ಟೇ, ಹೊಡೆತವನ್ನು ಗುರಿಯ ಸಮೀಪದಲ್ಲಿ ತಡೆದು ನಿಲ್ಲಿಸುವ ಶಕ್ತಿಯೂ ಈ ಶಿಕ್ಷಣದ ಭಾಗವಾಗಿರುತ್ತದೆ.

ಐತಿಹಾಸಿಕ ಹಿನ್ನೆಲೆ

ಕೊರಿಯಾದಲ್ಲಿ ಬರಿಗೈ ಹೋರಾಟದ ಪರಂಪರೆ ಹಳೆಯದು. ಪ್ರಾಚೀನ ಗೊಗುರ್ಯೊ ರಾಜ್ಯದ ಸಮಾಧಿಗಳ ಭಿತ್ತಿಚಿತ್ರಗಳಲ್ಲಿ ಹೋರಾಟದ ಭಂಗಿಯಲ್ಲಿರುವ ಆಕೃತಿಗಳು ಕಂಡುಬರುತ್ತವೆ. 1790ರಲ್ಲಿ ಅರಸನ ಆಜ್ಞೆಯಂತೆ ಸಿದ್ಧಪಡಿಸಲಾದ ‘ಮುಯೆ ದೊಬೊ ತೊಂಗ್‌ಜಿ’ ಎಂಬ ಸಚಿತ್ರ ಯುದ್ಧಕಲಾ ಗ್ರಂಥದಲ್ಲಿ ಬರಿಗೈ ಹೋರಾಟಕ್ಕೆ ಪ್ರತ್ಯೇಕ ಅಧ್ಯಾಯವಿದೆ. ಲಯಬದ್ಧ ಹೆಜ್ಜೆಗಳೊಂದಿಗೆ ಎದುರಾಳಿಯನ್ನು ಕಾಲಿನಿಂದ ಕೆಡಹುವ ‘ತೆಕ್ಕ್ಯೊನ್’ ಎಂಬ ಜನಪದ ಕಲೆ ಇಂದಿಗೂ ಉಳಿದಿದ್ದು, 2011ರಲ್ಲಿ ಯುನೆಸ್ಕೊದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರ್ಪಡೆಯಾಗಿದೆ.

ಆದರೆ ಇಂದು ಕಲಿಸಲಾಗುತ್ತಿರುವ ಟೇಕ್ವಾಂಡೊ ಎರಡು ಸಾವಿರ ವರ್ಷಗಳಿಂದ ಬದಲಾವಣೆಯಿಲ್ಲದೆ ಬಂದ ಕಲೆಯಲ್ಲ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ಆ ಅವಧಿಯಲ್ಲಿ ಜಪಾನಿಗೆ ತೆರಳಿದ್ದ ಹಲವು ಕೊರಿಯನ್ ಯುವಕರು ಅಲ್ಲಿ ಕರಾಟೆ ಅಭ್ಯಾಸ ಮಾಡಿದರು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಇವರೇ ‘ಕ್ವಾನ್’ ಎಂದು ಕರೆಯಲಾಗುವ ತರಬೇತಿ ಶಾಲೆಗಳನ್ನು ಆರಂಭಿಸಿದರು. ಇವುಗಳಲ್ಲಿ ಮೊದಲನೆಯದೆಂದು ಪರಿಗಣಿಸಲಾಗುವ ಚುಂಗ್ ದೋ ಕ್ವಾನ್ ಶಾಲೆಯನ್ನು 1944ರಲ್ಲಿ ಲೀ ವೊನ್ ಕುಕ್ ಅವರು ಸೋಲ್ ನಗರದಲ್ಲಿ ಸ್ಥಾಪಿಸಿದರು. ಆರಂಭದಲ್ಲಿ ಶಾಲೆಗೊಂದು ಹೆಸರು, ಶಾಲೆಗೊಂದು ಪದ್ಧತಿ ಇತ್ತು. ಮುಂದಿನ ದಶಕಗಳಲ್ಲಿ ಎತ್ತರದ ಹಾಗೂ ವೇಗದ ಒದೆತಗಳಿಗೆ ಹೆಚ್ಚು ಒತ್ತು ದೊರೆತು, ಕರಾಟೆಯಿಂದ ಭಿನ್ನವಾದ ಸ್ವತಂತ್ರ ಕಲೆ ರೂಪುಗೊಂಡಿತು.

ಪ್ರಮುಖ ಘಟನೆಗಳು:

1. 1955: ಸೇನಾಧಿಕಾರಿ ಚೋಯ್ ಹೊಂಗ್ ಹಿ ಅವರು ಸೂಚಿಸಿದ ‘ಟೇಕ್ವಾಂಡೊ’ ಎಂಬ ಹೆಸರು ಅಂಗೀಕಾರವಾಯಿತು. ಪ್ರಾಚೀನ ತೆಕ್ಕ್ಯೊನ್ ಎಂಬ ಹೆಸರಿನೊಂದಿಗಿನ ಉಚ್ಚಾರಣಾ ಸಾಮ್ಯವೂ ಈ ಆಯ್ಕೆಗೆ ಕಾರಣವಾಗಿತ್ತು.
2. 1966: ಚೋಯ್ ಹೊಂಗ್ ಹಿ ಅವರ ನೇತೃತ್ವದಲ್ಲಿ ಅಂತರರಾಷ್ಟ್ರೀಯ ಟೇಕ್ವಾಂಡೊ ಫೆಡರೇಷನ್ ಸ್ಥಾಪನೆಯಾಯಿತು. 1972ರಲ್ಲಿ ಚೋಯ್ ಅವರು ಕೆನಡಾಕ್ಕೆ ತೆರಳಿದಾಗ ಸಂಸ್ಥೆಯ ಕೇಂದ್ರವೂ ಅಲ್ಲಿಗೆ ಸ್ಥಳಾಂತರಗೊಂಡಿತು.
3. 1972: ಸೋಲ್ ನಗರದಲ್ಲಿ ಟೇಕ್ವಾಂಡೊದ ಕೇಂದ್ರ ತರಬೇತಿ ಭವನವಾದ ಕುಕ್ಕಿವಾನ್ ಉದ್ಘಾಟನೆಯಾಯಿತು.
4. 1973: ಕಿಮ್ ಉನ್ ಯೊಂಗ್ ಅವರ ಅಧ್ಯಕ್ಷತೆಯಲ್ಲಿ ವಿಶ್ವ ಟೇಕ್ವಾಂಡೊ ಫೆಡರೇಷನ್ ಸ್ಥಾಪನೆಯಾಯಿತು. ಅದೇ ವರ್ಷ ಸೋಲ್‌ನಲ್ಲಿ ಪ್ರಥಮ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 2017ರಿಂದ ಈ ಸಂಸ್ಥೆಯ ಹೆಸರು ‘ವರ್ಲ್ಡ್ ಟೇಕ್ವಾಂಡೊ’ ಎಂದಾಗಿದೆ.
5. 1988 ಮತ್ತು 1992: ಸೋಲ್ ಹಾಗೂ ಬಾರ್ಸಿಲೋನಾ ಒಲಿಂಪಿಕ್ಸ್‌ಗಳಲ್ಲಿ ಪ್ರದರ್ಶನ ಕ್ರೀಡೆಯಾಗಿ ಸ್ಥಾನ ಪಡೆಯಿತು.
6. 2000: ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಪುರುಷರ 4 ಹಾಗೂ ಮಹಿಳೆಯರ 4 ತೂಕ ವಿಭಾಗಗಳಲ್ಲಿ ಪದಕ ಸ್ಪರ್ಧೆಗಳು ನಡೆದವು.
7. 2018: ದಕ್ಷಿಣ ಕೊರಿಯಾದ ಸಂಸತ್ತು ಕಾನೂನಿನ ಮೂಲಕ ಟೇಕ್ವಾಂಡೊವನ್ನು ರಾಷ್ಟ್ರೀಯ ಸಮರ ಕಲೆಯೆಂದು ಘೋಷಿಸಿತು.
8. 2021: ಒಂದು ವರ್ಷ ಮುಂದೂಡಲ್ಪಟ್ಟಿದ್ದ ಟೋಕಿಯೊ 2020 ಪ್ಯಾರಾಲಿಂಪಿಕ್ಸ್‌ನಲ್ಲಿ ಪ್ಯಾರಾ ಟೇಕ್ವಾಂಡೊ ಮೊದಲ ಬಾರಿಗೆ ಸೇರ್ಪಡೆಯಾಯಿತು. ಭಾರತದ ಅರುಣಾ ತನ್ವರ್ ಇದರಲ್ಲಿ ಸ್ಪರ್ಧಿಸಿದರು.

ಎರಡು ಪ್ರಮುಖ ಪದ್ಧತಿಗಳು

ಮೇಲ್ಕಂಡ ಎರಡು ಅಂತರರಾಷ್ಟ್ರೀಯ ಸಂಸ್ಥೆಗಳಿಂದಾಗಿ ಟೇಕ್ವಾಂಡೊದಲ್ಲಿ ಎರಡು ಪದ್ಧತಿಗಳು ಬೆಳೆದುಬಂದಿವೆ. ಹೊರನೋಟಕ್ಕೆ ಎರಡೂ ಒಂದೇ ಎನಿಸಿದರೂ ಪಠ್ಯಕ್ರಮ, ಸ್ಪರ್ಧಾ ನಿಯಮ ಹಾಗೂ ಪ್ರಮಾಣಪತ್ರಗಳಲ್ಲಿ ವ್ಯತ್ಯಾಸವಿದೆ.

(ಅ) ವರ್ಲ್ಡ್ ಟೇಕ್ವಾಂಡೊ ಪದ್ಧತಿ: ಒಲಿಂಪಿಕ್ಸ್ ಹಾಗೂ ಏಷ್ಯನ್ ಕ್ರೀಡಾಕೂಟಗಳಲ್ಲಿ ಅನುಸರಿಸುವ ಪದ್ಧತಿ ಇದೇ. ಇದರ ಕಪ್ಪು ಬೆಲ್ಟ್ ಪ್ರಮಾಣಪತ್ರಗಳನ್ನು ಕುಕ್ಕಿವಾನ್ ನೀಡುತ್ತದೆ. ಇದರಲ್ಲಿ ಕಲಿಸುವ ಚಲನಾ ಸರಣಿಗಳಿಗೆ ‘ಪೂಮ್ಸೆ’ ಎಂದು ಹೆಸರು.

(ಆ) ಅಂತರರಾಷ್ಟ್ರೀಯ ಟೇಕ್ವಾಂಡೊ ಫೆಡರೇಷನ್ ಪದ್ಧತಿ: ಚೋಯ್ ಹೊಂಗ್ ಹಿ ಅವರು ರೂಪಿಸಿದ 24 ಚಲನಾ ಸರಣಿಗಳು ಇದರ ತಿರುಳು. ಇವುಗಳನ್ನು ‘ತುಲ್’ ಎನ್ನಲಾಗುತ್ತದೆ. ಒಂದು ದಿನದ 24 ಗಂಟೆಗಳನ್ನು ಈ ಸಂಖ್ಯೆ ಪ್ರತಿನಿಧಿಸುತ್ತದೆ. 19 ಚಲನೆಗಳುಳ್ಳ ‘ಚೊನ್‌ಜಿ’ ಮೊದಲನೆಯ ತುಲ್ ಆಗಿದ್ದು, ಅದರ ಹೆಸರಿಗೆ ‘ಆಕಾಶ ಮತ್ತು ಭೂಮಿ’ ಎಂದು ಅರ್ಥ. ಸೌಜನ್ಯ, ಪ್ರಾಮಾಣಿಕತೆ, ಸತತ ಪ್ರಯತ್ನ, ಆತ್ಮಸಂಯಮ ಮತ್ತು ಎದೆಗುಂದದ ಧೈರ್ಯ ಎಂಬ ಐದು ತತ್ವಗಳನ್ನು ಅಭ್ಯಾಸಾರ್ಥಿಗಳು ಮನನ ಮಾಡಬೇಕಾಗಿರುತ್ತದೆ. 2002ರಲ್ಲಿ ಚೋಯ್ ಅವರ ನಿಧನಾನಂತರ ಈ ಸಂಸ್ಥೆಯು ಒಡೆದಿದ್ದು, ಒಂದಕ್ಕಿಂತ ಹೆಚ್ಚು ಸಂಸ್ಥೆಗಳು ಇದೇ ಹೆಸರಿನಲ್ಲಿ ಕಾರ್ಯನಿರ್ವಹಿಸುತ್ತಿವೆ.

ಶರೀರ ಮತ್ತು ಮನಸ್ಸಿನ ಶಿಕ್ಷಣಕ್ಕೆ ಎರಡೂ ಪದ್ಧತಿಗಳು ಸೂಕ್ತವಾಗಿವೆ. ಆದರೆ ಒಲಿಂಪಿಕ್ ಮಾದರಿಯ ಸ್ಪರ್ಧೆಗಳಲ್ಲಿ ಭಾಗವಹಿಸುವ ಉದ್ದೇಶವುಳ್ಳವರು ಮೊದಲನೆಯ ಪದ್ಧತಿಯ ಕೇಂದ್ರವನ್ನೇ ಆಯ್ಕೆ ಮಾಡಿಕೊಳ್ಳತಕ್ಕದ್ದು.

ತರಬೇತಿಯ ಅಂಗಗಳು

ತರಬೇತಿ ನಡೆಯುವ ಸ್ಥಳಕ್ಕೆ ‘ದೋಜಾಂಗ್’, ಬಿಳಿಯ ಸಮವಸ್ತ್ರಕ್ಕೆ ‘ದೋಬೋಕ್’, ತರಬೇತುದಾರರಿಗೆ ‘ಸಾಬೊಮ್’ ಎನ್ನುತ್ತಾರೆ. ತರಬೇತಿಯು ಮುಖ್ಯವಾಗಿ ನಾಲ್ಕು ಅಂಗಗಳನ್ನು ಒಳಗೊಂಡಿದೆ.

1. ಮೂಲ ಚಲನೆಗಳು: ನಿಲುವು, ತಡೆ, ಗುದ್ದು ಮತ್ತು ಒದೆತಗಳನ್ನು ಒಂದೊಂದಾಗಿ ಕಲಿಸಲಾಗುತ್ತದೆ. ಮೊದಲ ತಿಂಗಳುಗಳ ಬಹುಪಾಲು ಸಮಯ ಇದಕ್ಕೇ ಮೀಸಲು.

2. ಪೂಮ್ಸೆ: ಎದುರಾಳಿ ಇರುವನೆಂದು ಭಾವಿಸಿಕೊಂಡು, ನಿಗದಿತ ರೇಖೆಯ ಮೇಲೆ ನಿಗದಿತ ಕ್ರಮದಲ್ಲಿ ತಡೆ ಹಾಗೂ ಹೊಡೆತಗಳನ್ನು ಪ್ರದರ್ಶಿಸುವ ಸರಣಿ. ಕಪ್ಪು ಬೆಲ್ಟ್‌ಗೆ ಮುನ್ನ ‘ತೇಗುಕ್’ ಎಂಬ 8 ಪೂಮ್ಸೆಗಳನ್ನು ಕಲಿಯಬೇಕಾಗಿರುತ್ತದೆ. ಇವು ಕ್ರಮವಾಗಿ ಆಕಾಶ, ಸರೋವರ, ಬೆಂಕಿ, ಗುಡುಗು, ಗಾಳಿ, ನೀರು, ಪರ್ವತ ಮತ್ತು ಭೂಮಿಯನ್ನು ಸಂಕೇತಿಸುತ್ತವೆ. ಈ ಎಂಟು ಸಂಕೇತಗಳ ಪೈಕಿ ಆಕಾಶ, ಭೂಮಿ, ನೀರು ಮತ್ತು ಬೆಂಕಿಯ ಚಿಹ್ನೆಗಳು ದಕ್ಷಿಣ ಕೊರಿಯಾದ ರಾಷ್ಟ್ರಧ್ವಜದ ನಾಲ್ಕು ಮೂಲೆಗಳಲ್ಲಿವೆ.

3. ಗ್ಯೊರುಗಿ: ರಕ್ಷಣಾ ಸಾಧನಗಳನ್ನು ಧರಿಸಿ ಜೊತೆಗಾರನೊಂದಿಗೆ ನಡೆಸುವ ಸೆಣಸಾಟ. ಮೊದಲು ಮುಂಚಿತವಾಗಿ ಗೊತ್ತುಪಡಿಸಿದ ಒಂದು ದಾಳಿ, ಒಂದು ತಡೆಯಿಂದ ಆರಂಭಿಸಿ, ಅನಂತರ ಮುಕ್ತ ಸೆಣಸಾಟಕ್ಕೆ ಮುಂದುವರಿಯುವುದು ಸರಿಯಾದ ಕ್ರಮವಾಗಿರುತ್ತದೆ.

4. ಗ್ಯೊಕ್ಪಾ: ಹಲಗೆ ಮುರಿಯುವುದು. ಬಲ, ವೇಗ ಮತ್ತು ನಿಖರತೆಯ ಪರೀಕ್ಷೆಗಾಗಿ ತೆಳುವಾದ ಪೈನ್ ಮರದ ಹಲಗೆಗಳನ್ನು ಬಳಸಲಾಗುತ್ತದೆ. ಸಾರ್ವಜನಿಕ ಸಮಾರಂಭಗಳಲ್ಲಿ ಹೆಂಚು, ಇಟ್ಟಿಗೆ ಒಡೆಯುವ ಪ್ರದರ್ಶನಗಳನ್ನು ಕಂಡು ಮಕ್ಕಳು ಅನುಕರಿಸದಂತೆ ಪೋಷಕರು ಎಚ್ಚರ ವಹಿಸತಕ್ಕದ್ದು. ಬೆಳೆಯುವ ವಯಸ್ಸಿನಲ್ಲಿ ಕೈಯ ಮೂಳೆಗಳು ಇನ್ನೂ ಪೂರ್ಣವಾಗಿ ಗಟ್ಟಿಗೊಂಡಿರುವುದಿಲ್ಲ.

ಒಂದು ಒದೆತದ ವಿವರ

ಕಲಿಕೆ ನಿಧಾನವಾಗಿ ಸಾಗಬೇಕು ಏಕೆ ಎಂಬುದನ್ನು ‘ದೊಲ್ಯೊ ಚಾಗಿ’ ಎಂಬ ಬೀಸು ಒದೆತದಿಂದ ತಿಳಿಯಬಹುದು. ಸ್ಪರ್ಧೆಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಒದೆತ ಇದು. ಇದರ ಹಂತಗಳು ಹೀಗಿವೆ.

ಮೊದಲು ಒದೆಯುವ ಕಾಲಿನ ಮಂಡಿಯನ್ನು ಮಡಿಸಿ ಎದುರಿಗೆ ಎತ್ತಬೇಕು. ನೆಲದ ಮೇಲಿರುವ ಕಾಲು ಮುಂಗಾಲಿನ ಮೇಲೆ ತಿರುಗಿ, ಹಿಮ್ಮಡಿಯು ಗುರಿಯ ದಿಕ್ಕಿಗೆ ಬರಬೇಕು. ಅದರೊಂದಿಗೆ ಸೊಂಟವೂ ತಿರುಗಬೇಕು. ಆಗ ಮಾತ್ರ ಮಂಡಿಯಿಂದ ಕೆಳಗಿನ ಭಾಗವನ್ನು ಚಾಟಿಯಂತೆ ಬೀಸಿ, ಪಾದದ ಮೇಲ್ಭಾಗದಿಂದ ಗುರಿಯನ್ನು ತಾಕಬೇಕು. ತಾಕಿದ ಕೂಡಲೇ ಮಂಡಿಯನ್ನು ಮತ್ತೆ ಮಡಿಸಿ, ಕಾಲನ್ನು ನೆಲಕ್ಕೆ ಇಳಿಸಿ ಮೊದಲಿನ ನಿಲುವಿಗೆ ಮರಳಬೇಕು.

ನೆಲದ ಮೇಲಿರುವ ಕಾಲು ತಿರುಗದೆ ಸೊಂಟ ಮಾತ್ರ ತಿರುಗಿದಲ್ಲಿ, ದೇಹದ ಭಾರವೆಲ್ಲ ತಿರುಚಿಕೊಂಡ ಮಂಡಿಯ ಮೇಲೆ ಬೀಳುತ್ತದೆ. ಆತುರದ ಕಲಿಕೆಯಲ್ಲಿ ಇದೇ ಮಂಡಿ ನೋವಿಗೆ ಕಾರಣವಾಗುತ್ತದೆ. ಒದೆತದ ಬಲವೂ ಕಾಲಿನಿಂದಷ್ಟೇ ಬರುವುದಿಲ್ಲ. ನೆಲವನ್ನು ಒತ್ತಿದ ಪಾದದಿಂದ ಹೊರಟು ಸೊಂಟದ ತಿರುವಿನಲ್ಲಿ ವೃದ್ಧಿಗೊಳ್ಳುತ್ತದೆ. ಆದ್ದರಿಂದ ಆರಂಭದಲ್ಲಿ ಒದೆತದ ಎತ್ತರಕ್ಕಿಂತ ಪಾದದ ತಿರುವಿಗೆ ಗಮನ ನೀಡುವ ತರಬೇತುದಾರರು ಸರಿಯಾದ ಮಾರ್ಗದಲ್ಲಿದ್ದಾರೆಂದು ಭಾವಿಸಬಹುದು. ಸೊಂಟದ ಮಟ್ಟಕ್ಕೆ ಸರಿಯಾಗಿ ಒದೆಯಲು ಬಂದ ನಂತರವೇ ತಲೆಯ ಮಟ್ಟದ ಒದೆತವನ್ನು ಅಭ್ಯಾಸ ಮಾಡತಕ್ಕದ್ದು.

ತರಗತಿಯಲ್ಲಿ ಬಳಸುವ ಪದಗಳು

ವಿಶ್ವದ ಎಲ್ಲ ಕಡೆ ಆದೇಶಗಳನ್ನು ಕೊರಿಯನ್ ಭಾಷೆಯಲ್ಲಿಯೇ ನೀಡುವ ರೂಢಿಯಿದೆ. ಮೊದಲ ವಾರದಲ್ಲಿ ಕೆಳಕಂಡವುಗಳನ್ನು ಕಲಿತರೆ ಸಾಕಾಗುತ್ತದೆ.

ಚರ್ಯೊತ್: ನೆಟ್ಟಗೆ ನಿಲ್ಲುವುದು
ಕ್ಯೊಂಗ್ನೆ: ತಲೆಬಾಗಿ ವಂದಿಸುವುದು
ಜುನ್‌ಬಿ: ಸಿದ್ಧರಾಗುವುದು
ಸಿಜಾಕ್: ಆರಂಭಿಸುವುದು
ಗುಮಾನ್: ನಿಲ್ಲಿಸುವುದು
ಬಾರೊ: ಮೊದಲಿನ ನಿಲುವಿಗೆ ಮರಳುವುದು
ಕಿಹಾಪ್: ಹೊಡೆತದೊಂದಿಗೆ ಉಸಿರು ಬಿಡುತ್ತ ಹೊರಡಿಸುವ ಕೂಗು
ಆಪ್ ಚಾಗಿ: ಮುಂದಕ್ಕೆ ಒದೆಯುವುದು
ಯೊಪ್ ಚಾಗಿ: ಪಕ್ಕಕ್ಕೆ ಒದೆಯುವುದು
ಮಕ್ಕಿ: ತಡೆ

ಒಂದರಿಂದ ಐದರವರೆಗಿನ ಎಣಿಕೆ: ಹನಾ, ದುಲ್, ಸೆತ್, ನೆತ್, ದಸೊತ್.

ಈ ಪೈಕಿ ‘ಗುಮಾನ್’ ಎಂಬ ಆದೇಶ ಅತ್ಯಂತ ಮಹತ್ವದ್ದು. ಸೆಣಸಾಟ ಎಷ್ಟೇ ಬಿರುಸಿನಲ್ಲಿದ್ದರೂ ಈ ಆದೇಶ ಕೇಳಿದ ಕ್ಷಣವೇ ನಿಲ್ಲಿಸುವುದು ಕಡ್ಡಾಯ. ಇದನ್ನು ಪಾಲಿಸಲು ಇನ್ನೂ ಬಾರದ ಅಭ್ಯಾಸಾರ್ಥಿಯು ಮುಕ್ತ ಸೆಣಸಾಟಕ್ಕೆ ಅರ್ಹನಾಗಿರುವುದಿಲ್ಲ.

ಬೆಲ್ಟ್‌ಗಳು ಹಾಗೂ ಶ್ರೇಣಿಗಳು

ಕಪ್ಪು ಬೆಲ್ಟ್‌ಗೆ ಮುಂಚಿನ ಶ್ರೇಣಿಗಳನ್ನು ‘ಗುಪ್’ ಎನ್ನಲಾಗುತ್ತದೆ. ಇವು 10ನೇ ಗುಪ್‌ನಿಂದ ಆರಂಭವಾಗಿ 1ನೇ ಗುಪ್‌ಗೆ ಇಳಿಯುತ್ತವೆ. ಬೆಲ್ಟ್‌ಗಳ ಬಣ್ಣ ಸಾಮಾನ್ಯವಾಗಿ ಬಿಳಿ, ಹಳದಿ, ಹಸಿರು, ನೀಲಿ, ಕೆಂಪು ಎಂಬ ಕ್ರಮದಲ್ಲಿರುತ್ತದೆ. ಬಿಳಿ ಬಣ್ಣವು ಏನನ್ನೂ ಅರಿಯದ ಸ್ಥಿತಿಯನ್ನೂ, ಹಳದಿಯು ಬೀಜ ಬೇರೂರುವ ಮಣ್ಣನ್ನೂ, ಹಸಿರು ಮೊಳೆತ ಸಸಿಯನ್ನೂ, ನೀಲಿಯು ಆ ಸಸಿ ಬೆಳೆಯುವ ಆಕಾಶದ ದಿಕ್ಕನ್ನೂ ಸೂಚಿಸುತ್ತವೆ. ಕೆಂಪು ಬಣ್ಣ ಅಪಾಯದ ಸೂಚಕ: ಧರಿಸಿದವನು ಸಂಯಮ ಕಲಿಯಬೇಕೆಂದೂ, ಎದುರಾಳಿಯು ಎಚ್ಚರದಿಂದಿರಬೇಕೆಂದೂ ಅದರ ಅರ್ಥ.

ಕಪ್ಪು ಬೆಲ್ಟ್‌ನ ಶ್ರೇಣಿಗಳಿಗೆ ‘ಡಾನ್’ ಎಂದು ಹೆಸರು. 1ನೇ ಡಾನ್ ಪಡೆದಲ್ಲಿ ಮೂಲ ಪಾಠಗಳು ಪೂರ್ಣಗೊಂಡಿವೆ ಎಂದಷ್ಟೇ ಅರ್ಥ, ವಿದ್ಯೆ ಮುಗಿಯಿತೆಂದಲ್ಲ. ಕುಕ್ಕಿವಾನ್ ನಿಯಮಗಳ ಪ್ರಕಾರ 1ನೇ ಡಾನ್ ಪಡೆದವರು 2ನೇ ಡಾನ್‌ಗೆ ಕನಿಷ್ಠ 1 ವರ್ಷ, ಅಲ್ಲಿಂದ 3ನೇ ಡಾನ್‌ಗೆ 2 ವರ್ಷ, ಅಲ್ಲಿಂದ 4ನೇ ಡಾನ್‌ಗೆ 3 ವರ್ಷ ಅಭ್ಯಾಸ ಮಾಡಿರಬೇಕು. 15 ವರ್ಷದೊಳಗಿನ ಮಕ್ಕಳಿಗೆ ಡಾನ್ ಬದಲಿಗೆ ‘ಪೂಮ್’ ಶ್ರೇಣಿ ನೀಡಲಾಗುತ್ತದೆ.

ಸ್ಪರ್ಧಾ ನಿಯಮಗಳ ಸಂಕ್ಷಿಪ್ತ ಪರಿಚಯ

ಒಲಿಂಪಿಕ್ ಮಾದರಿಯ ಸೆಣಸಾಟವು ಅಷ್ಟಕೋನಾಕೃತಿಯ ಅಂಕಣದಲ್ಲಿ, ನೀಲಿ ಹಾಗೂ ಕೆಂಪು ಬಣ್ಣದ ಕವಚ ಧರಿಸಿದ ಇಬ್ಬರ ನಡುವೆ ನಡೆಯುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ತಲಾ 2 ನಿಮಿಷಗಳ 3 ಸುತ್ತುಗಳ ವ್ಯವಸ್ಥೆಯಿದ್ದು, 2 ಸುತ್ತುಗಳನ್ನು ಗೆದ್ದವರು ವಿಜೇತರಾಗುತ್ತಿದ್ದರು. ಆ ಕೂಟದಲ್ಲಿ ಅನ್ವಯವಾದ ಅಂಕಗಳು:

ಮುಂಡಭಾಗಕ್ಕೆ ಗುದ್ದು: 1 ಅಂಕ
ಮುಂಡಭಾಗಕ್ಕೆ ಒದೆತ: 2 ಅಂಕ
ತಲೆಗೆ ಒದೆತ: 3 ಅಂಕ
ದೇಹವನ್ನು ತಿರುಗಿಸಿ ಮುಂಡಭಾಗಕ್ಕೆ ಒದೆತ: 4 ಅಂಕ
ದೇಹವನ್ನು ತಿರುಗಿಸಿ ತಲೆಗೆ ಒದೆತ: 5 ಅಂಕ

ಮುಖಕ್ಕೆ ಗುದ್ದುವುದು, ಸೊಂಟದ ಕೆಳಗೆ ಹೊಡೆಯುವುದು ಹಾಗೂ ಬಿದ್ದವರ ಮೇಲೆ ದಾಳಿ ಮಾಡುವುದು ನಿಷಿದ್ಧ. ಉಲ್ಲಂಘನೆಗೆ ‘ಗಮ್‌ಜೊಮ್’ ದಂಡ ವಿಧಿಸಿ ಎದುರಾಳಿಗೆ 1 ಅಂಕ ನೀಡಲಾಗುತ್ತದೆ. 2012ರ ಲಂಡನ್ ಒಲಿಂಪಿಕ್ಸ್‌ನಿಂದ ಹೊಡೆತದ ಬಲವನ್ನು ದಾಖಲಿಸುವ ವಿದ್ಯುನ್ಮಾನ ಕವಚಗಳು ಬಳಕೆಯಲ್ಲಿವೆ. ಪೂಮ್ಸೆ ಸ್ಪರ್ಧೆಗಳೂ ಪ್ರತ್ಯೇಕವಾಗಿ ನಡೆಯುತ್ತಿದ್ದು, 2006ರಲ್ಲಿ ಇದರ ಮೊದಲ ವಿಶ್ವ ಚಾಂಪಿಯನ್‌ಷಿಪ್ ಏರ್ಪಟ್ಟಿತು. ಸೆಣಸಾಟದಲ್ಲಿ ಆಸಕ್ತಿಯಿಲ್ಲದವರು ಮತ್ತು ಹಿರಿಯ ವಯಸ್ಸಿನವರು ಇದನ್ನು ಆಯ್ಕೆ ಮಾಡಿಕೊಳ್ಳಬಹುದು.

ಸುರಕ್ಷತಾ ಕ್ರಮಗಳು

1. ಹೃದಯ ಸಂಬಂಧಿ ತೊಂದರೆ, ಅಸ್ತಮಾ, ಮೂರ್ಛೆರೋಗ ಅಥವಾ ಇತ್ತೀಚಿನ ಶಸ್ತ್ರಚಿಕಿತ್ಸೆಯ ಹಿನ್ನೆಲೆಯುಳ್ಳವರು ವೈದ್ಯರ ಸಲಹೆ ಪಡೆದೇ ಸೇರತಕ್ಕದ್ದು.
2. ಉಗುರುಗಳನ್ನು ಕತ್ತರಿಸಿರಬೇಕು. ಸರ, ಬಳೆ, ಓಲೆ, ಉಂಗುರ, ಕೈಗಡಿಯಾರಗಳನ್ನು ತೆಗೆದಿಡಬೇಕು.
3. ಸೆಣಸಾಟದಲ್ಲಿ ಶಿರಸ್ತ್ರಾಣ, ಎದೆ ಕವಚ, ಮುಂಗೈ ಹಾಗೂ ಮೊಣಕಾಲು ಕೆಳಭಾಗದ ರಕ್ಷಕ, ತೊಡೆಸಂದಿನ ರಕ್ಷಕ ಮತ್ತು ಹಲ್ಲಿನ ರಕ್ಷಕ ಕಡ್ಡಾಯವಾಗಿರಬೇಕು.
4. ತಲೆಗೆ ಪೆಟ್ಟಾಗಿ ತಲೆಸುತ್ತು, ವಾಂತಿ, ಮಂಕು ಅಥವಾ ತಲೆನೋವು ಕಾಣಿಸಿಕೊಂಡಲ್ಲಿ ಆ ದಿನದ ಅಭ್ಯಾಸವನ್ನು ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ವೈದ್ಯರ ಅನುಮತಿಯಿಲ್ಲದೆ ಸೆಣಸಾಟಕ್ಕೆ ಮರಳಕೂಡದು. ಶಿರಸ್ತ್ರಾಣ ಧರಿಸಿದ ಮಾತ್ರಕ್ಕೆ ಮಿದುಳಿನ ಆಘಾತ ತಪ್ಪುವುದಿಲ್ಲ.
5. ಕೆಳಗಿನ ತೂಕ ವಿಭಾಗಕ್ಕೆ ಸೇರಿಸಲೆಂದು ಮಕ್ಕಳನ್ನು ಉಪವಾಸ ಕೆಡವುವುದು, ನೀರು ಕುಡಿಯಲು ಬಿಡದಿರುವುದು ಅಪಾಯಕಾರಿ. ಇಂತಹ ಸಲಹೆಯನ್ನು ಪೋಷಕರು ನಿರಾಕರಿಸತಕ್ಕದ್ದು.
6. ಕಾಲು ಅಗಲಿಸುವ ವ್ಯಾಯಾಮದಲ್ಲಿ ಇನ್ನೊಬ್ಬರು ಮೇಲಿಂದ ಬಲವಂತವಾಗಿ ಒತ್ತಕೂಡದು.

ತರಬೇತಿ ಕೇಂದ್ರದ ಆಯ್ಕೆ

ಹಣ ಪಾವತಿಸುವ ಮುನ್ನ ಕೆಳಕಂಡ ಅಂಶಗಳನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ.

1. ತರಬೇತುದಾರರ ಡಾನ್ ಪ್ರಮಾಣಪತ್ರ ಯಾವ ಸಂಸ್ಥೆಯದು ಎಂಬುದನ್ನು ನೋಡಬೇಕು. ಕುಕ್ಕಿವಾನ್ ಪ್ರಮಾಣಪತ್ರವಾಗಿದ್ದಲ್ಲಿ ಅದರ ಸಂಖ್ಯೆಯ ಮೂಲಕ ಆ ಸಂಸ್ಥೆಯ ಅಂತರಜಾಲ ತಾಣದಲ್ಲಿ ಪರಿಶೀಲಿಸಬಹುದು.
2. ಮಾಸಿಕ ಶುಲ್ಕದ ಹೊರತಾಗಿ ಬೆಲ್ಟ್ ಪರೀಕ್ಷೆ, ಸಮವಸ್ತ್ರ, ರಕ್ಷಣಾ ಸಾಧನ ಹಾಗೂ ಡಾನ್ ನೋಂದಣಿಗೆ ತಗಲುವ ವೆಚ್ಚದ ವಿವರವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬೇಕು. ಪ್ರತಿ ಪಾವತಿಗೂ ರಸೀದಿ ಪಡೆಯಬೇಕು.
3. ಕನಿಷ್ಠ ಒಂದು ತರಗತಿಯನ್ನು ಪೂರ್ತಿಯಾಗಿ ವೀಕ್ಷಿಸಬೇಕು. ಪೋಷಕರ ವೀಕ್ಷಣೆಗೆ ಅವಕಾಶ ನೀಡದ ಕೇಂದ್ರವನ್ನು ಆಯ್ಕೆ ಮಾಡದಿರುವುದು ಒಳಿತು.
4. ನೆಲಕ್ಕೆ ಮೆತ್ತನೆಯ ಹಾಸು, ಪ್ರಥಮ ಚಿಕಿತ್ಸಾ ಪೆಟ್ಟಿಗೆ, ಬಟ್ಟೆ ಬದಲಾಯಿಸಲು ಪ್ರತ್ಯೇಕ ಸ್ಥಳ ಇರಬೇಕು.
5. ಕೆಲವೇ ತಿಂಗಳುಗಳಲ್ಲಿ ಕಪ್ಪು ಬೆಲ್ಟ್ ಕೊಡಿಸುವ ಭರವಸೆಗಳಿಗೆ ಮರುಳಾಗಬಾರದು.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಯಾವ ವಯಸ್ಸಿನಲ್ಲಿ ಆರಂಭಿಸಬಹುದು?
ಉತ್ತರ: ಆದೇಶಗಳನ್ನು ಗ್ರಹಿಸಿ ಪಾಲಿಸಬಲ್ಲ ಮಕ್ಕಳು, ಅಂದರೆ ಸುಮಾರು 6 ವರ್ಷ ತುಂಬಿದವರು, ಆಟದ ರೂಪದಲ್ಲಿ ಆರಂಭಿಸಬಹುದು. ಗರಿಷ್ಠ ವಯೋಮಿತಿ ಇಲ್ಲ. ಹಿರಿಯರು ತಮ್ಮ ದೇಹಶಕ್ತಿಗೆ ಅನುಗುಣವಾಗಿ ಅಭ್ಯಾಸ ಮಾಡಬಹುದು.

ಪ್ರಶ್ನೆ: ಕಪ್ಪು ಬೆಲ್ಟ್ ಪಡೆಯಲು ಎಷ್ಟು ಕಾಲ ಬೇಕು?
ಉತ್ತರ: ವಾರಕ್ಕೆ ಎರಡು ಮೂರು ದಿನ ತಪ್ಪದೆ ಅಭ್ಯಾಸ ಮಾಡುವವರಿಗೆ ಸಾಮಾನ್ಯವಾಗಿ ಮೂರು ನಾಲ್ಕು ವರ್ಷಗಳು ಬೇಕಾಗುತ್ತವೆ.

ಪ್ರಶ್ನೆ: ಬೆಲ್ಟ್ ಪ್ರಮಾಣಪತ್ರವನ್ನು ಕ್ರೀಡಾ ಮೀಸಲಾತಿಗೆ ಸಲ್ಲಿಸಬಹುದೇ?
ಉತ್ತರ: ಬೆಲ್ಟ್ ಪ್ರಮಾಣಪತ್ರವು ಕಲಿಕೆಯ ಶ್ರೇಣಿಯನ್ನು ತೋರಿಸುತ್ತದೆ; ಸ್ಪರ್ಧೆಯ ಪ್ರಮಾಣಪತ್ರವು ಕ್ರೀಡಾ ಸಾಧನೆಯನ್ನು ತೋರಿಸುತ್ತದೆ. ಇವೆರಡೂ ಬೇರೆ ಬೇರೆ. ಯಾವ ಹಂತದ ಮತ್ತು ಯಾವ ಸಂಸ್ಥೆ ನಡೆಸಿದ ಸ್ಪರ್ಧೆಗಳನ್ನು ಪರಿಗಣಿಸಲಾಗುವುದು ಎಂಬುದನ್ನು ಆಯಾ ವರ್ಷದ ಅಧಿಸೂಚನೆಯಲ್ಲಿ ನೋಡಿಕೊಳ್ಳತಕ್ಕದ್ದು. ಭಾರತದಲ್ಲಿ ಟೇಕ್ವಾಂಡೊ ಹೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಸಂಸ್ಥೆಗಳಿದ್ದು, ಅವುಗಳ ಮಾನ್ಯತೆಯು ಕಾಲಕಾಲಕ್ಕೆ ಬದಲಾಗಿದೆ. ಆದ್ದರಿಂದ ಸ್ಪರ್ಧೆಗೆ ಹೆಸರು ನೋಂದಾಯಿಸುವ ಮುನ್ನವೇ, ನಡೆಸುವ ಸಂಸ್ಥೆಗೆ ಆ ದಿನಾಂಕದಂದು ಮಾನ್ಯತೆ ಇದೆಯೇ ಎಂದು ವಿಚಾರಿಸಿಕೊಳ್ಳಬೇಕು. ಸ್ಪರ್ಧೆ ಮುಗಿದ ನಂತರ ಇದನ್ನು ಸರಿಪಡಿಸಲು ಸಾಧ್ಯವಾಗುವುದಿಲ್ಲ.

ಪ್ರಶ್ನೆ: ಅಂಗವಿಕಲರು ಅಭ್ಯಾಸ ಮಾಡಬಹುದೇ?
ಉತ್ತರ: ಮಾಡಬಹುದು. ಪ್ಯಾರಾಲಿಂಪಿಕ್ ಸೆಣಸಾಟವು ಕೈಗಳ ನ್ಯೂನತೆಯುಳ್ಳವರಿಗಾಗಿ ಇದ್ದು, ಅದರಲ್ಲಿ ತಲೆಗೆ ಒದೆಯಲು ಅವಕಾಶವಿಲ್ಲ.

ಪ್ರಶ್ನೆ: ಟೇಕ್ವಾಂಡೊ ಕಲಿತರೆ ಆತ್ಮರಕ್ಷಣೆ ಸಾಧ್ಯವೇ?
ಉತ್ತರ: ದೇಹದ ಚುರುಕು, ದೂರದ ಅಂದಾಜು ಹಾಗೂ ಭಯಕ್ಕೆ ಒಳಗಾಗದ ಮನಸ್ಸು ಅಭ್ಯಾಸದಿಂದ ಬರುತ್ತವೆ. ಆದರೆ ನಿಯಮಬದ್ಧ ಸ್ಪರ್ಧೆಗೂ ಬೀದಿಯ ಹಲ್ಲೆಗೂ ಬಹಳ ಅಂತರವಿದೆ. ಅಪಾಯದ ಸ್ಥಳದಿಂದ ದೂರ ಸರಿಯುವುದು, ಕೂಗಿ ಜನರನ್ನು ಕರೆಯುವುದು ಮತ್ತು ಪೊಲೀಸರ ನೆರವು ಪಡೆಯುವುದು ಮೊದಲ ಕ್ರಮವಾಗಿರಬೇಕು. ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ಕಲಿತ ವಿದ್ಯೆಯನ್ನು ಬಳಸತಕ್ಕದ್ದು. ಅದೂ ತಪ್ಪಿಸಿಕೊಳ್ಳಲು ಬೇಕಾದಷ್ಟು ಮಾತ್ರ.

ಗಮನಿಸಿ: ಸ್ಪರ್ಧಾ ನಿಯಮಗಳು, ತೂಕ ವಿಭಾಗಗಳು ಮತ್ತು ಶ್ರೇಣಿ ಪರೀಕ್ಷೆಯ ಷರತ್ತುಗಳು ಆಗಾಗ್ಗೆ ಪರಿಷ್ಕರಣೆಗೊಳ್ಳುತ್ತವೆ. ಭಾಗವಹಿಸುವ ಮುನ್ನ ಆಯಾ ಸಂಸ್ಥೆಯ ಚಾಲ್ತಿಯಲ್ಲಿರುವ ನಿಯಮಗಳನ್ನು ಪರಿಶೀಲಿಸುವುದು ಅಭ್ಯಾಸಾರ್ಥಿಗಳ ಹೊಣೆಯಾಗಿರುತ್ತದೆ.